ಮಳೆ, ಮಣ್ಣು, ಮರ ಬದಲಾದರೆ ನದಿಯ ಹರಿವು ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನದಿ ಸೊರಗಿದಾಗ ಒಬ್ಬರು ಮಳೆಯನ್ನು ದೂರುತ್ತಾರೆ, ಇನ್ನೊಬ್ಬರು ಕಾಡು ಕಡಿದವರನ್ನು, ಮತ್ತೊಬ್ಬರು ಅಣೆಕಟ್ಟನ್ನು. ಮೂವರ ಮಾತಿನಲ್ಲೂ ನಿಜ ಇದೆ, ಆದರೆ ಯಾವ ನದಿಯಲ್ಲಿ ಯಾವುದು ಎಷ್ಟು ಅನ್ನೋದು ಬೇರೆ ಬೇರೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬಿದ್ದ ಮಳೆಯೆಲ್ಲ ನದಿಗೆ ಸೇರುತ್ತದಾ?

ಇಲ್ಲ. ಜಗತ್ತಿನ ನೆಲದ ಮೇಲೆ ಬೀಳುವ ಮಳೆ ಮತ್ತು ಹಿಮದಲ್ಲಿ ಸುಮಾರು ಶೇ. 60ರಷ್ಟು ಮತ್ತೆ ಆವಿಯಾಗಿ ಮೇಲಕ್ಕೇ ಹೋಗುತ್ತದೆ. ಎಲೆಯ ಮೇಲೆ ನಿಂತ ಹನಿ ಅಲ್ಲೇ ಒಣಗುತ್ತದೆ. ಬೇರು ಹೀರಿದ ನೀರು ಎಲೆಯ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಮಣ್ಣು ತನ್ನ ಹಸಿ ತುಂಬಿಸಿಕೊಳ್ಳುತ್ತದೆ. ಈ ಎಲ್ಲರ ಪಾಲು ಮುಗಿದ ಮೇಲೆ ಉಳಿದದ್ದು ನದಿಯದ್ದು. ನದಿಗೆ ಸಿಗೋದು ಉಳಿಕೆ ಮಾತ್ರ. ಈ ಒಂದು ಮಾತು ಮನಸ್ಸಿಗೆ ಬಂದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಹೊಳೆಯುತ್ತದೆ.

ಉಳಿದ ನೀರು ನದಿಗೆ ಬರುವ ದಾರಿ ಎರಡು. ಒಂದು, ನೆಲದ ಮೇಲೇ ಹರಿದು ಗಂಟೆಗಳಲ್ಲಿ ಬರುವ ನೀರು. ಮಳೆ ಬಂದಾಗ ಹಳ್ಳ ಕೆಂಪಗೆ ಉಕ್ಕುವುದು ಇದರಿಂದ. ಇನ್ನೊಂದು, ನೆಲಕ್ಕೆ ಇಂಗಿ, ಕೆಳಗೆ ನಿಧಾನವಾಗಿ ಸರಿದು, ವಾರಗಟ್ಟಲೆ ತಿಂಗಳುಗಟ್ಟಲೆ ಒರತೆಯಾಗಿ ಜಿನುಗುವ ನೀರು. ಮಳೆ ನಿಂತು ಮೂರು ತಿಂಗಳಾದ ಮೇಲೂ ಹೊಳೆ ತಿಳಿಯಾಗಿ ಹರಿಯುತ್ತಿದ್ದರೆ ಅದು ಈ ಎರಡನೇ ನೀರು.

ಮಳೆ ಶೇ. 10 ಕಮ್ಮಿಯಾದರೆ ಹರಿವೂ ಶೇ. 10 ಕಮ್ಮಿಯಾಗುತ್ತದೆ, ಅಲ್ವಾ?

ಹಾಗಾಗೋದಿಲ್ಲ. ಒಂದು ಸುಲಭದ ಲೆಕ್ಕ ಮಾಡೋಣ. ಒಂದು ಜಾಗದಲ್ಲಿ ವರ್ಷಕ್ಕೆ 1000 ಮಿ.ಮೀ. ಮಳೆ. ಗಿಡಮರ, ಮಣ್ಣು, ಬಿಸಿಲು ಸೇರಿ 700 ಮಿ.ಮೀ. ತೆಗೆದುಕೊಳ್ಳುತ್ತವೆ ಅಂದುಕೊಳ್ಳಿ. ನದಿಗೆ 300. ಈಗ ಮಳೆ 900ಕ್ಕೆ ಇಳಿಯಿತು. ಗಿಡಮರಗಳ ಬಾಯಾರಿಕೆ ಅದೇ ಲೆಕ್ಕದಲ್ಲಿ ಇಳಿಯೋದಿಲ್ಲ. ಅವು 670 ತೆಗೆದುಕೊಂಡವು. ನದಿಗೆ ಉಳಿದದ್ದು 230. ಮಳೆಯಲ್ಲಿ ಶೇ. 10 ಕಡಿತ, ಹರಿವಿನಲ್ಲಿ ಶೇ. 23 ಕಡಿತ. ಬಹಳಷ್ಟು ನದಿಗಳಲ್ಲಿ ಮಳೆಯ ಏರಿಳಿತ ಹರಿವಿನಲ್ಲಿ ಎರಡು ಮೂರು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ. ಒಣ ಪ್ರದೇಶದಲ್ಲಿ ಇದು ಇನ್ನೂ ಜಾಸ್ತಿ.

ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ ಇದು ಕಣ್ಣೆದುರೇ ನಡೆದಿದೆ. 1970ರ ದಶಕದಿಂದ ಈಚೆಗೆ ಅಲ್ಲಿ ಚಳಿಗಾಲದ ಮಳೆ ಸುಮಾರು ಶೇ. 15ರಿಂದ 20ರಷ್ಟು ಇಳಿಯಿತು. ಪರ್ತ್ ನಗರಕ್ಕೆ ನೀರು ಕೊಡುವ ಜಲಾಶಯಗಳಿಗೆ ಬರುವ ಹರಿವು ಅರ್ಧಕ್ಕಿಂತಲೂ ಕೆಳಗೆ ಬಿತ್ತು. ಆ ನಗರ ಈಗ ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುತ್ತಿದೆ.

ಮಳೆ ಕಮ್ಮಿಯಾಗಿಲ್ಲ, ಲೆಕ್ಕದಲ್ಲಿ ಸರಿಯಾಗೇ ಇದೆ. ಆದರೂ ನದಿ ಸೊರಗಿದೆ. ಹೇಗೆ?

ಗಾಳಿ ಬಿಸಿಯಾಗಿದೆ. ಬಿಸಿ ಗಾಳಿಗೆ ಬಾಯಾರಿಕೆ ಜಾಸ್ತಿ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಸುಮಾರು ಶೇ. 7ರಷ್ಟು ಏರುತ್ತದೆ. ಹೀಗಾಗಿ ಅದು ಮಣ್ಣಿನಿಂದ, ಎಲೆಯಿಂದ, ಕೆರೆಯಿಂದ ಜಾಸ್ತಿ ಎಳೆದುಕೊಳ್ಳುತ್ತದೆ. ನದಿಗೆ ಸಿಗೋದು ಉಳಿಕೆ ಅಂದೆನಲ್ಲ, ಆ ಉಳಿಕೆಯೇ ಕರಗುತ್ತದೆ.

ಅಮೆರಿಕದ ಕೊಲೊರಾಡೊ ನದಿ ಇದಕ್ಕೆ ದೊಡ್ಡ ಉದಾಹರಣೆ. 2000ದಿಂದ ಈಚೆಗೆ ಅದರ ಹರಿವು 20ನೇ ಶತಮಾನದ ಸರಾಸರಿಗಿಂತ ಸುಮಾರು ಶೇ. 20 ಕಮ್ಮಿ. ಈ ಕೊರತೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಬರೀ ಬಿಸಿಯಿಂದ ಆದದ್ದು ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಅಂದರೆ ಹಿಂದಿನಷ್ಟೇ ಹಿಮ, ಮಳೆ ಬಿದ್ದಿದ್ದರೂ ನದಿ ಸೊರಗುತ್ತಿತ್ತು. ಅಲ್ಲಿ ಇನ್ನೊಂದು ನೋವಿನ ವಿಷಯವಿದೆ. ನೀರು ಹಂಚಿಕೊಳ್ಳಲು ರಾಜ್ಯಗಳು 1922ರಲ್ಲಿ ಒಪ್ಪಂದ ಮಾಡಿಕೊಂಡವು. ಅವರು ಲೆಕ್ಕಕ್ಕೆ ಹಿಡಿದದ್ದು ತುಂಬಾ ಒಳ್ಳೆಯ ಮಳೆಯ ವರ್ಷಗಳನ್ನು. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದಂತಾಯಿತು.

ಭೂಮಿ ಬಿಸಿಯಾದರೆ ಮಳೆಯೂ ಜಾಸ್ತಿ ಬೀಳುತ್ತದೆ ಅಂತಾರೆ. ಹಾಗಿದ್ದರೆ ನದಿ ತುಂಬಬೇಕಲ್ಲ?

ಕೆಲವು ಕಡೆ ತುಂಬುತ್ತದೆ. ಉತ್ತರ ಧ್ರುವದ ಸುತ್ತಲಿನ ಸೈಬೀರಿಯಾದ ದೊಡ್ಡ ನದಿಗಳಲ್ಲಿ ಹರಿವು ಏರಿದೆ. ಆದರೆ ಎಷ್ಟು ಬಿತ್ತು ಅನ್ನೋದರ ಜತೆಗೆ ಹೇಗೆ ಬಿತ್ತು ಅನ್ನೋದನ್ನೂ ನೋಡಬೇಕು. ಹತ್ತು ದಿನ ಜಿಟಿಜಿಟಿ ಸುರಿದ 100 ಮಿ.ಮೀ. ಮಳೆ ಬೇರೆ, ಎರಡು ಗಂಟೆಯಲ್ಲಿ ಸುರಿದ 100 ಮಿ.ಮೀ. ಬೇರೆ. ಮೊದಲನೆಯದು ನೆಲಕ್ಕೆ ಇಂಗುತ್ತದೆ. ಎರಡನೆಯದು ಮಣ್ಣನ್ನೂ ಹೊತ್ತುಕೊಂಡು ಓಡುತ್ತದೆ. ಬಿಸಿಯಾದ ಗಾಳಿಯಲ್ಲಿ ಹೆಚ್ಚುತ್ತಿರುವುದು ಈ ಎರಡನೇ ಥರದ ಮಳೆ, ನಡುವೆ ಉದ್ದನೆಯ ಒಣ ದಿನಗಳು. ಒಂದೇ ನದಿಯಲ್ಲಿ ಒಂದೇ ವರ್ಷ ನೆರೆಯೂ ಬರಬಹುದು, ಬೇಸಿಗೆಯಲ್ಲಿ ಬಂಡೆಯೂ ಕಾಣಬಹುದು. ವರ್ಷದ ಸರಾಸರಿ ತೆಗೆದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಅದಕ್ಕೇ ನಾನು ಸರಾಸರಿಯನ್ನು ನಂಬೋದಿಲ್ಲ. ಬೇಸಿಗೆಯ ಕಡೆಯ ತಿಂಗಳ ಹರಿವು ಎಷ್ಟಿತ್ತು ಅಂತ ಮೊದಲು ನೋಡುತ್ತೇನೆ.

ಹಿಮದಿಂದ ಹುಟ್ಟುವ ನದಿಗಳಿಗೆ ಏನಾಗುತ್ತಿದೆ?

ಹಿಮ ಅಂದರೆ ಬೆಟ್ಟದ ಮೇಲೆ ಕೂಡಿಟ್ಟ ನೀರು. ಚಳಿಗಾಲದಲ್ಲಿ ಬಿದ್ದದ್ದು ಬೇಸಿಗೆಯಲ್ಲಿ ಕರಗಿ ಬರುತ್ತದೆ. ಬಿಸಿ ಏರಿದಾಗ ಹಿಮದ ಬದಲು ಮಳೆ ಬೀಳುತ್ತದೆ, ಬಿದ್ದ ಹಿಮವೂ ಬೇಗ ಕರಗುತ್ತದೆ. ಅಮೆರಿಕದ ಪಶ್ಚಿಮ ಭಾಗದ ಅನೇಕ ಹೊಳೆಗಳಲ್ಲಿ 20ನೇ ಶತಮಾನದ ನಡುವಿನಿಂದ ಈಚೆಗೆ ಹಿಮ ಕರಗಿದ ನೀರು ಒಂದರಿಂದ ನಾಲ್ಕು ವಾರ ಮೊದಲೇ ಬರುತ್ತಿದೆ. ಬೆಳೆಗೆ ನೀರು ಬೇಕಾಗುವ ಹೊತ್ತಿಗೆ ಅದು ಹರಿದು ಹೋಗಿರುತ್ತದೆ.

ಹಿಮನದಿಗಳ, ಅಂದರೆ ಬೆಟ್ಟದಲ್ಲಿ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿಗಳ (ಗ್ಲೇಸಿಯರ್), ಕತೆ ಸ್ವಲ್ಪ ಬೇರೆ. ಅವು ಕರಗುವಾಗ ಮೊದಲು ಕೆಲವು ದಶಕ ಹೊಳೆಯಲ್ಲಿ ನೀರು ಜಾಸ್ತಿಯೇ ಆಗುತ್ತದೆ. ಆಮೇಲೆ ಒಂದು ತುದಿ ಮುಟ್ಟಿ ಇಳಿಯುತ್ತದೆ, ಯಾಕಂದರೆ ಕರಗಲು ಮಂಜುಗಡ್ಡೆಯೇ ಉಳಿದಿರೋದಿಲ್ಲ. ಜಗತ್ತಿನ ದೊಡ್ಡ ಹಿಮನದಿ ಕಣಿವೆಗಳಲ್ಲಿ ಸುಮಾರು ಅರ್ಧದಷ್ಟು ಈ ತುದಿಯನ್ನು ಆಗಲೇ ದಾಟಿವೆ. ಇನ್ನೂ ದಾಟದ ಕಡೆ ಈಗ ಕಾಣುವ ತುಂಬು ಹೊಳೆ ಹಳೆಯ ಉಳಿತಾಯ ಮುರಿದು ಖರ್ಚು ಮಾಡುತ್ತಿರುವ ನೀರು.

ಕಾಡು ಕಡಿದರೆ ನದಿ ಬತ್ತುತ್ತದೆ ಅನ್ನೋದು ನಿಜವಾ?

ಇದು ಅತಿ ಹೆಚ್ಚು ಕೇಳುವ ಪ್ರಶ್ನೆ. ಇದರ ಉತ್ತರ ಕೇಳಿ ಬೇಸರ ಮಾಡಿಕೊಳ್ಳುವವರೂ ಹೆಚ್ಚು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಇದನ್ನು ಪರೀಕ್ಷಿಸುವ ಒಂದು ಅಚ್ಚುಕಟ್ಟಾದ ದಾರಿ ಇದೆ. ಅಕ್ಕಪಕ್ಕದ ಎರಡು ಪುಟ್ಟ ಕಣಿವೆಗಳನ್ನು ಆರಿಸಿಕೊಳ್ಳೋದು. ಎರಡರ ಹಳ್ಳದಲ್ಲೂ ಕೆಲವು ವರ್ಷ ಹರಿವು ಅಳೆಯೋದು. ಆಮೇಲೆ ಒಂದರ ಕಾಡು ಕಡಿದು, ಇನ್ನೊಂದನ್ನು ಹಾಗೇ ಬಿಟ್ಟು, ಅಳೆಯೋದನ್ನು ಮುಂದುವರಿಸೋದು. ಮಳೆ ಎರಡಕ್ಕೂ ಒಂದೇ. ಹಾಗಾಗಿ ಆಮೇಲೆ ಕಾಣುವ ವ್ಯತ್ಯಾಸ ಕಾಡಿನದ್ದು. ಅಮೆರಿಕದ ಕೊಲೊರಾಡೊ ರಾಜ್ಯದ ವ್ಯಾಗನ್ ವೀಲ್ ಗ್ಯಾಪ್‌ನಲ್ಲಿ ಹೀಗೆ ಅಳೆದು, 1919ರಲ್ಲಿ ಒಂದು ಕಣಿವೆಯ ಮರ ಕಡಿದು, 1926ರವರೆಗೆ ಲೆಕ್ಕ ಇಟ್ಟರು. ಕಡಿದ ಕಣಿವೆಯಲ್ಲಿ ಹರಿವು ಏರಿತು. ಅದೇ ದೇಶದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹಬಾರ್ಡ್ ಬ್ರೂಕ್‌ನಲ್ಲಿ 1965ರ ಕೊನೆಯಲ್ಲಿ ಒಂದು ಕಣಿವೆಯ ಮರಗಳನ್ನೆಲ್ಲ ಉರುಳಿಸಿ, ಮತ್ತೆ ಚಿಗುರದಂತೆ ಔಷಧಿ ಹೊಡೆದರು. ಮೊದಲ ವರ್ಷ ಹಳ್ಳದ ನೀರು ಸುಮಾರು ಶೇ. 40 ಜಾಸ್ತಿಯಾಯಿತು. 1982ರಲ್ಲಿ ಇಂಥ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಬಹುಪಾಲು ಇದೇ ಕಂಡಿತು.

ಕಾರಣ ಸರಳ. ಮರ ನೀರು ಕುಡಿಯುತ್ತದೆ, ಹುಲ್ಲಿಗಿಂತ ಜಾಸ್ತಿ ಕುಡಿಯುತ್ತದೆ. ಅದರ ಬೇರು ಆಳಕ್ಕೆ ಹೋಗುತ್ತದೆ, ಬೇಸಿಗೆಯಲ್ಲೂ ಎಳೆಯುತ್ತದೆ. ಕುಡಿಯುವವರು ಇಲ್ಲದಾಗ ಉಳಿಕೆ ಹೆಚ್ಚುತ್ತದೆ.

ಹಾಗಾದರೆ ಕಾಡು ಕಡಿದರೆ ಒಳ್ಳೆಯದೇ ಅಂತ ಆಯಿತಲ್ಲ?

ಖಂಡಿತ ಅಲ್ಲ. ಆ ಪ್ರಯೋಗಗಳಲ್ಲಿ ಮರ ಕಡಿದರು, ಮಣ್ಣನ್ನು ಮುಟ್ಟಲಿಲ್ಲ. ನಿಜ ಜೀವನದಲ್ಲಿ ಕಾಡು ಹೋದ ಮೇಲೆ ಏನಾಗುತ್ತದೆ? ದಾರಿ ಕೊರೆಯುತ್ತಾರೆ, ಯಂತ್ರ ಓಡಾಡುತ್ತದೆ, ದನಕರು ತುಳಿಯುತ್ತವೆ, ತರಗೆಲೆಯ ಹಾಸು ಹೋಗಿ ನೆಲ ಬೋಳಾಗುತ್ತದೆ. ಆಗ ನೀರು ಇಂಗುವ ಬಾಗಿಲೇ ಮುಚ್ಚಿಹೋಗುತ್ತದೆ.

ಇದನ್ನು ನೀವೇ ನೋಡಬಹುದು. ಒಂದು ತಗಡಿನ ಡಬ್ಬಿ ತೆಗೆದುಕೊಳ್ಳಿ, ಸುಮಾರು 10 ಸೆಂ.ಮೀ. ಅಗಲದ್ದು. ಮೇಲು ತಳ ಎರಡೂ ಕತ್ತರಿಸಿ. ಹಳೆಯ ಮರದ ಕೆಳಗೆ, ತರಗೆಲೆ ಸರಿಸಿ, ಡಬ್ಬಿಯನ್ನು ಮಣ್ಣಿಗೆ ಎರಡು ಬೆರಳಷ್ಟು ಒತ್ತಿ. ಅರ್ಧ ಲೀಟರ್ ನೀರು ಸುರಿದು ಗಡಿಯಾರ ನೋಡಿ. ಅಷ್ಟು ಸಣ್ಣ ಜಾಗಕ್ಕೆ ಇದು 60 ಮಿ.ಮೀ. ಮಳೆಗೂ ಜಾಸ್ತಿ. ಆದರೂ ಅಲ್ಲಿ ನೀರು ಗಟಗಟ ಇಳಿಯುತ್ತದೆ, ಹುಳ ಕೊರೆದ ತೂತು, ಸತ್ತ ಬೇರಿನ ಕೊಳವೆ ಎಲ್ಲ ದಾರಿ ಬಿಡುತ್ತವೆ. ಅದೇ ಡಬ್ಬಿಯನ್ನು ಜನ ನಡೆದು ಗಟ್ಟಿಯಾದ ಕಾಲುದಾರಿಯ ಮೇಲೆ ಒತ್ತಿ. ಒತ್ತೋದೇ ಕಷ್ಟ. ನೀರು ಕನ್ನಡಿಯ ಹಾಗೆ ನಿಂತಿರುತ್ತದೆ. ಎಷ್ಟೋ ಹೊತ್ತಾದ ಮೇಲೆ ಒಂದಿಷ್ಟು ತಗ್ಗುತ್ತದೆ. ಆ ನಿಂತ ನೀರು ಇಳಿಜಾರಿನಲ್ಲಿದ್ದರೆ ನೇರ ಹಳ್ಳಕ್ಕೆ ಓಡುತ್ತಿತ್ತು.

ಹಾಗಾಗಿ ಕಾಡಿಗೆ ಎರಡು ಕೆಲಸ. ಅದು ನೀರು ಕುಡಿಯುತ್ತದೆ, ನೀರನ್ನು ನೆಲಕ್ಕೆ ಇಳಿಸಲೂ ಸಹಾಯ ಮಾಡುತ್ತದೆ. ಕಾಡು ಹೋಗಿ ಮಣ್ಣು ಚೆನ್ನಾಗಿ ಉಳಿದರೆ ವರ್ಷವಿಡೀ ಹರಿವು ಏರಬಹುದು. ಮಣ್ಣೂ ಕೆಟ್ಟರೆ ಮಳೆಗಾಲದ ನೆರೆ ಏರುತ್ತದೆ, ಬೇಸಿಗೆಯ ಒರತೆ ಸಾಯುತ್ತದೆ. ಕಾಡು ಕಡಿದ ಮೇಲೆ ನದಿ ಬತ್ತಿತು ಅಂತ ಹಿರಿಯರು ಹೇಳುವ ಮಾತು ಬಹಳ ಕಡೆ ಈ ಬೇಸಿಗೆಯ ಹರಿವಿನ ಬಗ್ಗೆಯೇ. ಅವರು ಕಂಡದ್ದು ಸುಳ್ಳಲ್ಲ. ಜತೆಗೆ ಕಾಡು ನಮಗೆ ಬೇಕಾಗಿರೋದು ಬರೀ ನೀರಿಗಾಗಿ ಅಲ್ಲವಲ್ಲ.

ಗಿಡ ನೆಟ್ಟರೆ ಬತ್ತಿದ ಹೊಳೆ ಮತ್ತೆ ಹರಿಯುತ್ತದಾ?

ಯಾವ ಗಿಡ, ಎಲ್ಲಿ, ಎಷ್ಟು ಅನ್ನೋದರ ಮೇಲೆ ನಿಂತಿದೆ. ಹುಲ್ಲುಗಾವಲು ಅಥವಾ ಕುರುಚಲು ಇದ್ದ ಜಾಗದಲ್ಲಿ ಬೇಗ ಬೆಳೆಯುವ ಮರಗಳ ನೆಡುತೋಪು ಎಬ್ಬಿಸಿದರೆ ಹೊಳೆ ಇನ್ನಷ್ಟು ಸೊರಗುತ್ತದೆ. ಜಗತ್ತಿನ ಅನೇಕ ನೆಡುತೋಪುಗಳ ಲೆಕ್ಕ ಒಟ್ಟಿಗೆ ನೋಡಿದ 2005ರ ಒಂದು ಅಧ್ಯಯನದಲ್ಲಿ ಹಳ್ಳಗಳ ಹರಿವು ಸರಾಸರಿ ಅರ್ಧದಷ್ಟು ಇಳಿದಿತ್ತು. ಶೇ. 13ರಷ್ಟು ಹಳ್ಳಗಳು ಕನಿಷ್ಠ ಒಂದು ವರ್ಷ ಪೂರ್ತಿ ಒಣಗಿದ್ದವು. ದಕ್ಷಿಣ ಆಫ್ರಿಕಾ ಈ ಪಾಠ ಕಲಿತು 1998ರ ನೀರಿನ ಕಾನೂನಿನಲ್ಲಿ ನೆಡುತೋಪನ್ನೇ ಹರಿವು ಕುಗ್ಗಿಸುವ ಕೆಲಸ ಅಂತ ಗುರುತಿಸಿತು. ಅದಕ್ಕೂ ಮೊದಲು, 1995ರಲ್ಲಿ, ಹೊರಗಿನಿಂದ ಬಂದ ಅಕೇಶಿಯ, ಪೈನ್, ನೀಲಗಿರಿ ಮರಗಳನ್ನು ಹೊಳೆದಂಡೆಯಿಂದ ಕಿತ್ತು ಹಾಕಲು ಸಾವಿರಾರು ಜನರಿಗೆ ಕೂಲಿ ಕೊಟ್ಟು ಕೆಲಸ ಶುರುಮಾಡಿತ್ತು.

ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ ಎರಡೂ ಮುಖ ಕಾಣುತ್ತದೆ. 1999ರಿಂದ ಅಲ್ಲಿ ಇಳಿಜಾರಿನ ಹೊಲಗಳನ್ನು ಬಿಟ್ಟು ಹುಲ್ಲು, ಮರ ಬೆಳೆಸಿದರು. ಹಿಂದೆ ಅದರ ನಡುವೆ ಹರಿಯುವ ಹಳದಿ ನದಿ ವರ್ಷಕ್ಕೆ ಸುಮಾರು 160 ಕೋಟಿ ಟನ್ ಹೂಳು ಹೊರುತ್ತಿತ್ತು. ಮೆಟ್ಟಿಲು ಗದ್ದೆ, ಅಣೆಕಟ್ಟು, ಹಸಿರು ಎಲ್ಲ ಸೇರಿ ಈಗ ಅದು ಅದರ ಒಂದು ಸಣ್ಣ ಪಾಲಿಗೆ ಇಳಿದಿದೆ. ಅದು ದೊಡ್ಡ ಗೆಲುವು. ಆದರೆ ನೀರೂ ಕಮ್ಮಿಯಾಯಿತು. ಇನ್ನೂ ಮರ ನೆಟ್ಟರೆ ಜನರಿಗೇ ನೀರು ಸಾಲದು ಎಂಬ ಎಚ್ಚರಿಕೆ ಅಲ್ಲಿನ ವಿಜ್ಞಾನಿಗಳಿಂದಲೇ ಬಂದಿದೆ.

ಕೆಟ್ಟು ಗಟ್ಟಿಯಾದ ಮಣ್ಣಿನ ಮೇಲೆ ಸ್ಥಳೀಯ ಗಿಡ, ಹುಲ್ಲು ಬರಲು ಬಿಟ್ಟು, ಅಲ್ಲಲ್ಲಿ ವಿರಳವಾಗಿ ಮರ ಇದ್ದರೆ, ಇಂಗುವ ಲಾಭ ಕುಡಿಯುವ ನಷ್ಟವನ್ನು ಮೀರಬಹುದು. ಆದ್ದರಿಂದ ಸುಮ್ನೆ ಲಕ್ಷ ಗಿಡ ನೆಟ್ಟೆವು ಅನ್ನುವ ಲೆಕ್ಕ ನನಗೆ ಸಮಾಧಾನ ಕೊಡೋದಿಲ್ಲ. ಮೊದಲು ಮಣ್ಣು ನೋಡಿ.

ಎಳೆಯ ಕಾಡಿಗೂ ಹಳೆಯ ಕಾಡಿಗೂ ವ್ಯತ್ಯಾಸ ಇದೆಯಾ?

ಇದೆ, ಬಹಳ ಇದೆ. ಮೆಲ್ಬರ್ನ್ ನಗರದ ನೀರು ಬರುವ ಬೆಟ್ಟಗಳಲ್ಲಿ 1939ರಲ್ಲಿ ಭಾರೀ ಕಾಡ್ಗಿಚ್ಚು ಎದ್ದಿತು. ಸುಟ್ಟ ಮೇಲೆ ಮೌಂಟನ್ ಆಶ್ ಎಂಬ ನೀಲಗಿರಿ ಜಾತಿಯ ಮರಗಳು ಒತ್ತೊತ್ತಾಗಿ ಎದ್ದವು. ಎಳೆಯ ಮರ ಬೆಳೆಯುವ ಭರದಲ್ಲಿ ನೀರು ಜಾಸ್ತಿ ಎಳೆಯುತ್ತದೆ. ಎರಡು ಮೂರು ದಶಕಗಳಲ್ಲಿ ಅಂಥ ಕಾಡಿನಿಂದ ಬರುವ ಹರಿವು ಅರ್ಧದ ಹತ್ತಿರಕ್ಕೆ ಇಳಿಯಬಹುದು, ಹಳೆಯ ಮಟ್ಟಕ್ಕೆ ಬರಲು 100ರಿಂದ 150 ವರ್ಷ ಬೇಕು ಅಂತ ಅಲ್ಲಿನ ಲೆಕ್ಕ ತೋರಿಸಿತು. ಅಜ್ಜ ಸುಟ್ಟ ಕಾಡಿನ ನೀರಿಗೆ ಮೊಮ್ಮಗನೂ ಕಾಯಬೇಕು.

ಕಾಡು ಮಳೆ ತರುತ್ತದೆ ಅನ್ನೋದು?

ದೊಡ್ಡ ಕಾಡಿನ ಮಟ್ಟಿಗೆ ನಿಜ. ಅಮೆಜಾನ್ ಕಾಡು ಬಿಟ್ಟ ಆವಿ ಗಾಳಿಯಲ್ಲಿ ತೇಲಿ ಹೋಗಿ ನೂರಾರು, ಸಾವಿರಾರು ಕಿಲೋಮೀಟರ್ ಆಚೆ ಮಳೆಯಾಗುತ್ತದೆ. ಜನ ಅದನ್ನು ಹಾರುವ ನದಿ ಅಂತಲೇ ಕರೆಯುತ್ತಾರೆ. ಅಲ್ಲಿ ಕಾಡು ಹೋದರೆ ಬೇರೆಲ್ಲೋ ಇರುವ ನದಿ ಸೊರಗುತ್ತದೆ. ಆದರೆ ನಾಲ್ಕು ಎಕರೆ ತೋಪು ತನ್ನ ಮೇಲೆ ತಾನೇ ಮಳೆ ಕರೆಸಿಕೊಳ್ಳಲಾರದು.

ಮಳೆ ಕಮ್ಮಿಯಾದ ಕಡೆ ನದಿ ಉಕ್ಕಿದ್ದು ಎಲ್ಲಾದರೂ ಉಂಟಾ?

ಉಂಟು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಸಾಹೇಲ್ ಸೀಮೆಯಲ್ಲಿ. 1970 ಮತ್ತು 80ರ ದಶಕಗಳಲ್ಲಿ ಅಲ್ಲಿ ಭೀಕರ ಬರ. ಮಳೆ ಇಳಿಯಿತು. ಆದರೆ ಬುರ್ಕಿನಾ ಫಾಸೊ, ನೈಜರ್ ದೇಶಗಳ ಸಣ್ಣ ಹೊಳೆಗಳಲ್ಲಿ ಹರಿವು ಏರಿತು. ಬರದಲ್ಲಿ ಪೊದೆಗಳು ಸತ್ತವು, ಹೊಸ ಹೊಲ ತೆಗೆದರು, ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟಿತು. ಬಿದ್ದ ಅಲ್ಪ ಮಳೆಯೂ ಇಂಗದೆ ಜಾರಿತು.

ನೈಜರ್ ದೇಶದ ರಾಜಧಾನಿ ನಿಯಾಮೆಯ ಜನ ನೈಜರ್ ನದಿಯಲ್ಲಿ ಎರಡು ನೆರೆ ನೋಡುತ್ತಾರೆ. ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಹತ್ತಿರದ ಉಪನದಿಗಳಿಂದ ಬರುವ ಕೆಮ್ಮಣ್ಣಿನ ಕೆಂಪು ನೆರೆ. ತಿಂಗಳುಗಳ ಮೇಲೆ ದೂರದ ಗಿನಿ ಬೆಟ್ಟಗಳಿಂದ ಬರುವ ತಿಳಿಯಾದ ಕಪ್ಪು ನೆರೆ. ಹಿಂದೆ ಕಪ್ಪು ನೆರೆಯೇ ದೊಡ್ಡದು. ಈಗ ಕೆಂಪು ನೆರೆ ಅದನ್ನು ಮೀರುತ್ತಿದೆ. 2012ರಲ್ಲೂ 2020ರಲ್ಲೂ ನಗರ ಮುಳುಗಿತು. ನೀರಿನ ಬಣ್ಣ ನೋಡಿಯೇ ಮಣ್ಣಿನ ಪಾಡು ಹೇಳಬಹುದು.

ನಗರ ಬೆಳೆದರೆ?

ಕಾಂಕ್ರೀಟ್ ಮತ್ತು ಡಾಂಬರು ಆ ಗಟ್ಟಿ ಕಾಲುದಾರಿಗಿಂತಲೂ ಗಟ್ಟಿ. ಮಳೆ ಬಂದ ಸ್ವಲ್ಪ ಹೊತ್ತಿಗೇ ಚರಂಡಿ ತುಂಬಿ ಹೊಳೆಗೆ ನುಗ್ಗುತ್ತದೆ. ನೆರೆ ಎತ್ತರವಾಗಿ, ಬೇಗ ಬಂದು ಬೇಗ ಇಳಿಯುತ್ತದೆ. ಬೇಸಿಗೆಯಲ್ಲಿ ನಗರದ ಹೊಳೆಯಲ್ಲಿ ಹರಿವು ಕಂಡರೆ ಅದು ಒರತೆಯಾ, ಮನೆಗಳ ಕೊಳಚೆಯಾ ಅಂತ ನೋಡಬೇಕಾಗುತ್ತದೆ.

ಬೇಸಾಯ ಮತ್ತು ಕೊಳವೆಬಾವಿಗಳ ಪಾತ್ರ ಎಷ್ಟು?

ಬಹಳ ದೊಡ್ಡದು. ಅರಾಲ್ ಸಮುದ್ರ 1960ರಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಅದನ್ನು ತುಂಬುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಹತ್ತಿ ಹೊಲಗಳಿಗೆ ತಿರುಗಿಸಿದರು. ಈಗ ಅದರ ಹತ್ತನೇ ಒಂದು ಪಾಲು ಉಳಿದಿದೆ. ಅಲ್ಲಿ ಹವಾಮಾನವನ್ನು ಮೊದಲ ಆರೋಪಿ ಮಾಡಲು ಬರೋದಿಲ್ಲ.

ಕೊಳವೆಬಾವಿಯ ಹಾನಿ ಕಣ್ಣಿಗೆ ಬೀಳೋದಿಲ್ಲ. ಅಂತರ್ಜಲ ಹೊಳೆಯ ತಳಕ್ಕಿಂತ ಮೇಲಿದ್ದರೆ ನೆಲ ಹೊಳೆಗೆ ನೀರು ಕೊಡುತ್ತದೆ. ಅದು ಕೆಳಗೆ ಇಳಿದರೆ ಹೊಳೆಯೇ ನೆಲಕ್ಕೆ ನೀರು ಕೊಡಬೇಕಾಗುತ್ತದೆ. ವರ್ಷವಿಡೀ ಹರಿಯುತ್ತಿದ್ದ ಹಳ್ಳ ಮಳೆಗಾಲದ ಹಳ್ಳವಾಗೋದು ಹೀಗೆ. ಹನಿ ನೀರಾವರಿಯಿಂದ ಇದು ಸರಿಹೋಗುತ್ತದೆ ಅನ್ನುವವರಿಗೆ ಒಂದು ಮಾತು. ಉಳಿದ ನೀರಲ್ಲಿ ಇನ್ನೂ ನಾಲ್ಕು ಎಕರೆ ಬೆಳೆದರೆ ಹೊಳೆಗೆ ಒಂದು ಹನಿಯೂ ಹೆಚ್ಚು ಸಿಗೋದಿಲ್ಲ.

ಅಣೆಕಟ್ಟು ಹರಿವನ್ನು ಉಳಿಸುತ್ತದಾ, ಕಳೆಯುತ್ತದಾ?

ಮಳೆಗಾಲದ ನೀರನ್ನು ಬೇಸಿಗೆಗೆ ಸಾಗಿಸುತ್ತದೆ, ಆ ಮಟ್ಟಿಗೆ ಉಪಕಾರ. ಆದರೆ ಬಿಸಿಲಿಗೆ ಹರಡಿದ ನೀರು ಆವಿಯಾಗುತ್ತದೆ. ನೈಲ್ ನದಿಯ ಮೇಲಿನ ನಾಸರ್ ಸರೋವರದಿಂದ ವರ್ಷಕ್ಕೆ ಸುಮಾರು 1,000 ಕೋಟಿ ಘನ ಮೀಟರ್, ಅಂದರೆ 350 ಟಿಎಂಸಿ ಆಸುಪಾಸು, ಸುಮ್ನೆ ಗಾಳಿಗೆ ಹೋಗುತ್ತದೆ. ಮೇಲಿನಿಂದ ಎಲ್ಲರೂ ಎಳೆದುಕೊಂಡರೆ ಏನಾಗುತ್ತದೆ ಅಂತ ಹಳದಿ ನದಿ ತೋರಿಸಿತು. 1997ರಲ್ಲಿ ಅದರ ಕೆಳಭಾಗ 226 ದಿನ ಹರಿಯಲಿಲ್ಲ. ಆಮೇಲೆ ನೀರು ಬಿಡುವುದನ್ನು ಕಟ್ಟುನಿಟ್ಟು ಮಾಡಿದರು, ನದಿ ಮತ್ತೆ ಸಮುದ್ರ ಮುಟ್ಟಿತು.

ಯಾವುದು ಹವಾಮಾನದಿಂದ, ಯಾವುದು ನೆಲದ ಬದಲಾವಣೆಯಿಂದ ಅಂತ ಬೇರೆ ಮಾಡೋದು ಹೇಗೆ?

ಜೋಡಿ ಕಣಿವೆಯ ಪ್ರಯೋಗ ಒಂದು ದಾರಿ, ಆದರೆ ದೊಡ್ಡ ನದಿಗೆ ಜೋಡಿ ಸಿಗೋದಿಲ್ಲ. ಅಲ್ಲಿ ಕಂಪ್ಯೂಟರ್ ಮಾದರಿ ಬಳಸುತ್ತಾರೆ. ನೆಲವನ್ನು ಹಳೆಯದರಂತೆ ಇಟ್ಟು ಈಗಿನ ಮಳೆ, ಬಿಸಿ ಕೊಟ್ಟು ನೋಡುತ್ತಾರೆ. ಆಮೇಲೆ ಹವಾಮಾನ ಹಳೆಯದಿಟ್ಟು ನೆಲ ಬದಲಿಸುತ್ತಾರೆ. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬುಡಿಕೊ ಕೊಟ್ಟ ಒಂದು ಸರಳ ವಕ್ರರೇಖೆಯೂ ಇದೆ. ಮಳೆ ಎಷ್ಟು, ಬಿಸಿಲಿನ ಬಾಯಾರಿಕೆ ಎಷ್ಟು ಅಂತ ಗೊತ್ತಾದರೆ ಎಷ್ಟು ಆವಿಯಾಗಬೇಕು ಅಂತ ಅದು ಅಂದಾಜು ಹೇಳುತ್ತದೆ. ನದಿ ಆ ಗೆರೆಯ ಮೇಲೇ ಸರಿದರೆ ಹವಾಮಾನದ ಕೈ, ಗೆರೆ ಬಿಟ್ಟು ಹೊರಗೆ ಹೋದರೆ ನೆಲದ ಅಥವಾ ಮನುಷ್ಯನ ಕೈ ಅಂತ ಮೊದಲ ಊಹೆ. ಇದು ಊಹೆಯೇ ಹೊರತು ತೀರ್ಪಲ್ಲ, ಯಾಕಂದರೆ ಎರಡೂ ಒಂದರೊಳಗೊಂದು ಹೆಣೆದಿವೆ. ಬರ ಬಂದು ಗಿಡ ಸತ್ತರೆ ಅದು ಹವಾಮಾನವಾ, ನೆಲವಾ?

ಬರ ಮುಗಿದು ಮಳೆ ಬಂದರೆ ನದಿ ಹಳೆಯ ಸ್ಥಿತಿಗೆ ಬರುತ್ತದೆ, ಅಲ್ವಾ?

ನಾವೆಲ್ಲ ಹಾಗೇ ನಂಬಿದ್ದೆವು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1997ರಿಂದ 2009ರವರೆಗೆ ದೀರ್ಘ ಬರ ಇತ್ತು. ಬರ ಮುಗಿದು ಏಳು ವರ್ಷವಾದರೂ ಅಲ್ಲಿನ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹೊಳೆಗಳಲ್ಲಿ ಅದೇ ಮಳೆಗೆ ಹಿಂದಿನಷ್ಟು ನೀರು ಬರುತ್ತಿರಲಿಲ್ಲ ಅಂತ 2021ರ ಅಧ್ಯಯನ ತೋರಿಸಿತು. ಹೀಗಾಗಿ ಹಿಂದಿನ 50 ವರ್ಷದ ಲೆಕ್ಕ ಹಿಡಿದು ಮುಂದಿನ ಸೇತುವೆ, ಕಾಲುವೆ, ನೀರಿನ ಹಂಚಿಕೆ ನಿರ್ಧರಿಸೋದು ಈಗ ಅಪಾಯ.

ನಮ್ಮ ಹತ್ತಿರದ ಹಳ್ಳದ ಹರಿವನ್ನು ನಾವೇ ಅಳೆಯಬಹುದಾ?

ಅಳೆಯಬಹುದು, ದಯವಿಟ್ಟು ಅಳೆಯಿರಿ. ಸಣ್ಣ ಹಳ್ಳಗಳನ್ನು ಅಳೆಯುವವರು ತೀರಾ ಕಮ್ಮಿ.

ನೇರವಾಗಿ ಹರಿಯುವ 10 ಮೀಟರ್ ಜಾಗ ಆರಿಸಿ, ಎರಡು ತುದಿಗೂ ಕಡ್ಡಿ ನೆಡಿ. ಅಗಲ ಅಳೆಯಿರಿ. ಕೋಲು ಇಳಿಸಿ ಐದಾರು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಅರ್ಧ ಮುಳುಗಿ ತೇಲುವ ಮರದ ತುಂಡೊಂದನ್ನು ಮೇಲಿನ ಕಡ್ಡಿಯ ಹತ್ತಿರ ಬಿಟ್ಟು, ಕೆಳಗಿನದನ್ನು ಮುಟ್ಟಲು ಎಷ್ಟು ಸೆಕೆಂಡ್ ಅಂತ ಎಣಿಸಿ. ನಾಲ್ಕೈದು ಸಲ ಮಾಡಿ. ಅಗಲ 3 ಮೀಟರ್, ಆಳ 0.4 ಮೀಟರ್, ಸಮಯ 25 ಸೆಕೆಂಡ್ ಅಂದುಕೊಳ್ಳಿ. ವೇಗ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ಕೆಳಗಿನದಕ್ಕಿಂತ ಜೋರಾಗಿ ಓಡುವುದರಿಂದ 0.85ರಿಂದ ಗುಣಿಸಿ. ಆಗ ಹರಿವು ಸೆಕೆಂಡಿಗೆ ಸುಮಾರು 400 ಲೀಟರ್, ಅಂದರೆ 14 ಕ್ಯೂಸೆಕ್. ನೆರೆ ಇರುವಾಗ ಮಾತ್ರ ನೀರಿಗೆ ಇಳಿಯಬೇಡಿ.

ತಿಂಗಳಿಗೆ ಎರಡು ಸಲ, ಅದೇ ಜಾಗದಲ್ಲಿ ಅಳೆದು ತಾರೀಖಿನ ಜತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೀರಿನ ಬಣ್ಣವನ್ನೂ ಬರೆಯಿರಿ. ಹಳ್ಳ ಹರಿಯೋದು ನಿಂತ ದಿನವನ್ನು ಮರೆಯದೆ ಗುರುತು ಮಾಡಿ. ನೈಲ್ ನದಿಯ ರೋಡಾ ದ್ವೀಪದಲ್ಲಿ 861ರಲ್ಲಿ ಕಟ್ಟಿದ ಅಳತೆಗಂಬದ ಮೇಲೆ ವರ್ಷ ವರ್ಷ ನೀರಿನ ಎತ್ತರ ನೋಡಿ ಬರೆದಿಟ್ಟವರಿಂದಾಗಿ ಆ ನದಿಯ ಸಾವಿರ ವರ್ಷದ ಏರಿಳಿತ ನಮಗೆ ಇವತ್ತು ಗೊತ್ತು. ನಿಮ್ಮ ಹಳ್ಳಕ್ಕೆ ಮೊದಲ ಸಾಲು ನೀವು ಬರೆಯಬಹುದು.